ಕಾರಲ್ಲೇ ಕಿಟಕಿ ಕ್ಲೀನಿಂಗ್ ಬಿಸಿನೆಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲು ಹತ್ತಿರದವ. ಹಳೆ ವ್ಯಾಗನ್ ಆರ್ ಒಂದರಲ್ಲಿ ನಾಲ್ಕು ವರ್ಷದಿಂದ ಕಿಟಕಿ ಗಾಜು ತೊಳೆಯುವ ಕೆಲಸ ಮಾಡ್ತಾ ಇದ್ದೇನೆ, ಉಪ್ಪಳ ಕುಂಬಳೆಯಿಂದ ಹಿಡಿದು ಚೆರ್ಕಳ ಮುಳ್ಳೇರಿಯದವರೆಗೆ, ಕೆಲವೊಮ್ಮೆ ತಲಪಾಡಿ ಗಡಿ ದಾಟಿ ಮಂಗ್ಳೂರಿಗೂ ಹೋಗುದುಂಟು. ಒಂದೇ ಪ್ರಶ್ನೆಗೆ ಹತ್ತು ಜನಕ್ಕೆ ವಾಯ್ಸ್ ಮೆಸೇಜ್ ಹಾಕಿ ಹಾಕಿ ಗಂಟಲು ಹೋಯ್ತು ಮಾರಾಯ್ರೆ, ಹಾಗಾಗಿ ಒಂದೇ ಕಡೆ ಬರ್ದಿಟ್ಟಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಗಲ್ಫ್ ಬಿಟ್ಟು ಬಂದವರು, ಕೈಯಲ್ಲಿ ಒಂದು ಕಾರು ಉಂಟು, ವ್ಯಾನ್ ತೆಗೆಯುವಷ್ಟು ದುಡ್ಡಿಲ್ಲ.

ವ್ಯಾನ್ ಇಲ್ಲದೆ ಈ ಕೆಲಸ ನಿಜವಾಗಿ ಆಗ್ತದಾ?

ಆಗ್ತದೆ. ಯೂಟ್ಯೂಬಲ್ಲಿ ಇಂಗ್ಲೆಂಡಿನವರ ವಿಡಿಯೋ ನೋಡಿ ತಲೆ ಕೆಡಿಸ್ಕೊಳ್ಬೇಡಿ. ಅಲ್ಲಿ ವ್ಯಾನಿನೊಳಗೆ 400, 600 ಲೀಟರಿನ ಟ್ಯಾಂಕ್ ಬೋಲ್ಟ್ ಹಾಕಿ ಕೂರಿಸಿರ್ತಾರೆ, ಯಾಕಂದ್ರೆ ಅವ್ರು ಒಂದು ಬೀದಿಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಮನೆ ಮಾಡುವವರು, ತಿಂಗಳಿಗೊಮ್ಮೆ ಅದೇ ಮನೆಗೆ ವಾಪಸ್ ಹೋಗುವವರು. ನಮ್ಮಲ್ಲಿ ದಿನಕ್ಕೆ ಒಂದು ದೊಡ್ಡ ಮನೆ, ಹೆಚ್ಚಂದ್ರೆ ಎರಡು. ಮನೆಯಿಂದ ಮನೆಗೆ ಮಧ್ಯೆ ಒಂದು ಗುಡ್ಡ, ಒಂದು ತೋಟ, ಒಂದು ಹೊಳೆ. ಅಷ್ಟಕ್ಕೆ ಕಾರು ಸಾಕು.

ನನಗೆ ಗೊತ್ತಾದ ಒಂದೇ ವಿಷಯ ಹೇಳ್ತೇನೆ, ಬಾಕಿ ಎಲ್ಲ ಅದರ ಬಾಲ. ನಮ್ಮಂಥ ಸಣ್ಣ ಕೆಲಸಕ್ಕೆ ವ್ಯಾನ್ ಬೇಕಾಗುದು ನೀರಿಗೆ ಅಲ್ಲ, ಏಣಿಗೆ. ಏಣಿ ಬಿಟ್ಟವನಿಗೆ ವ್ಯಾನ್ ಬೇಡ.

ಹಾಗಾದ್ರೆ ಏಣಿ ಇಲ್ಲದೆ ಎರಡನೇ ಮಾಳಿಗೆ ಕಿಟಕಿ ಹೇಗೆ?

ದೋಟಿ. ನಿಮ್ಮ ಮನೆ ಹಿಂದೆಯೇ ಇರ್ತದಲ್ಲ, ಅಡಿಕೆ ಕೊಯ್ಯುವ ದೋಟಿ, ಅದೇ ಐಡಿಯಾ. ಅಡಿಕೆ ಮರ ಹತ್ತುವವರು ಸಿಗದೆ ಆದ ಮೇಲೆ ನಮ್ಮ ಕೃಷಿಕರು ಎಂತ ಮಾಡಿದ್ರು? ಒಂದರೊಳಗೆ ಒಂದು ಸೇರುವ ಕಾರ್ಬನ್ ಫೈಬರ್ ದೋಟಿ ಹಿಡ್ಕೊಂಡು ನೆಲದಲ್ಲೇ ನಿಂತು ಕೊಯ್ದ್ರು, ಮದ್ದೂ ಬಿಟ್ರು. ಆ ಕಡೆ ಇಂಗ್ಲೆಂಡಿನಲ್ಲಿ ಎತ್ತರದಲ್ಲಿ ಕೆಲಸ ಮಾಡುದಕ್ಕೆ 2005ರಲ್ಲಿ ಹೊಸ ಕಾನೂನು ಬಂತು, ನೆಲದಿಂದಲೇ ಮಾಡ್ಲಿಕ್ಕೆ ಆಗುವ ಕೆಲಸಕ್ಕೆ ಮೇಲೆ ಹತ್ತಬೇಡಿ ಅಂತ. ಅಲ್ಲಿಂದ ಕಿಟಕಿ ತೊಳೆಯುವವರಲ್ಲಿ ತುದಿಗೆ ಬ್ರಶ್, ಒಳಗೆ ನೀರಿನ ಪೈಪ್ ಇರುವ ಕೋಲು ಜೋರಾಯ್ತು. ಎರಡೂ ಕಡೆಯವರು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಸಾಮಾನಿಗೆ ಬಂದು ನಿಂತದ್ದು ನನಗೆ ಬಹಳ ಖುಷಿ ಕೊಡುವ ವಿಷಯ. ಎಂತ ಕೆಲಸ ಅಂತ ಕೇಳಿದವರಿಗೆ ನಾನೀಗ "ಗಾಜಿಗೆ ದೋಟಿ ಹಾಕುದು" ಅಂತಲೇ ಹೇಳುದು, ಕೂಡ್ಲೇ ಅರ್ಥ ಆಗ್ತದೆ.

ಎರಡು ಮಾಳಿಗೆ ಮನೆಯ ಮೇಲಿನ ಕಿಟಕಿಯ ತುದಿ ನೆಲದಿಂದ ಸುಮಾರು 20–22 ಅಡಿ. 25 ಅಡಿಯ ಕೋಲು ಇದ್ರೆ ನೂರರಲ್ಲಿ ತೊಂಬತ್ತು ಮನೆ ಮುಗೀತದೆ. ಮಡಚಿದಾಗ ಅದು ಐದಾರು ಅಡಿ, ಎದುರಿನ ಪ್ಯಾಸೆಂಜರ್ ಕಾಲಿಡುವ ಜಾಗದಿಂದ ಡಿಕ್ಕಿವರೆಗೆ ಓರೆಯಾಗಿ ಮಲಗ್ತದೆ. ಏಣಿಯಾದ್ರೆ ಕಾರಿನ ತಲೆ ಮೇಲೆ ಕಟ್ಬೇಕು, ಅದು ಎದುರೋ ಹಿಂದೋ ಚಾಚಿಯೇ ಚಾಚ್ತದೆ. 2019ರ ಮೋಟಾರು ಕಾಯ್ದೆ ತಿದ್ದುಪಡಿ ಪ್ರಕಾರ ಬಾಡಿಯಿಂದ ಹೊರಗೆ ಚಾಚಿದ ಲೋಡಿಗೆ 20,000 ರೂಪಾಯಿ ದಂಡ ಅಂತ ಉಂಟು, ಒಂದು ಏಣಿಗೆ ನಾಲ್ಕು ಏಣಿಯ ದುಡ್ಡು.

ಅಡಿಕೆ ಕೊಯ್ಯುವ ದೋಟಿಯನ್ನೇ ತಗೊಂಡು ಹೋಗ್ಬಹುದಾ?

ಬೇಡ. ಅದು 60, 70 ಅಡಿಗೆ ಮಾಡಿದ್ದು, ಮಡಚಿದ್ರೂ ಉದ್ದ, ಕಾರಿಗೆ ಹಿಡಿಯುದಿಲ್ಲ, ಮತ್ತೆ ಅಪ್ಪನ ಹತ್ರ ಬೈಗುಳ. ಶುರುವಿಗೆ ಸೋಲಾರ್ ಪ್ಯಾನೆಲ್ ತೊಳೆಯುವ ಟೆಲಿಸ್ಕೋಪಿಕ್ ಕೋಲು ಬ್ರಶ್ ಸಮೇತ ಆನ್‌ಲೈನಲ್ಲಿ ಸಿಗ್ತದೆ, ಅಲ್ಯೂಮಿನಿಯಂದು, ನಾನು ಮೊದ್ಲು ಅದನ್ನೇ ತಗೊಂಡದ್ದು. 15 ಅಡಿಗಿಂತ ಮೇಲೆ ಹೋದ್ರೆ ಕೋಲು ಬಾಳೆಮರ ಗಾಳಿಗೆ ಆಡಿದ ಹಾಗೆ ಆಡ್ತದೆ, ಸಂಜೆಗೆ ಭುಜ ನಿಮ್ದಲ್ಲ. ಒಂದು ವರ್ಷ ದುಡಿದು ಆಮೇಲೆ ಕಾರ್ಬನ್ ಫೈಬರಿಗೆ ಹೋಗಿ.

ಇಲ್ಲಿ ಮಾತ್ರ ತಮಾಷೆ ಇಲ್ಲ. ಅಲ್ಯೂಮಿನಿಯಂ ಕರೆಂಟ್ ಹಿಡೀತದೆ, ಕಾರ್ಬನ್ ಫೈಬರೂ ಹಿಡೀತದೆ, ಅದು ಪ್ಲಾಸ್ಟಿಕ್ ಹಾಗೆ ಕಾಣ್ತದೆ ಅಂತ ಮೋಸ ಹೋಗ್ಬೇಡಿ. ದೋಟಿ ಲೈನಿಗೆ ತಾಗಿ ಸತ್ತ ಸುದ್ದಿ ಅಡಿಕೆ ಕೊಯ್ಲಿನ ಸಮಯದಲ್ಲಿ ನಾವೆಲ್ಲ ಪೇಪರಲ್ಲಿ ಓದಿದ್ದೇವೆ. ಮನೆಗೆ ಹೋದ ಕೂಡ್ಲೇ ಕಿಟಕಿ ನೋಡುದಲ್ಲ, ತಲೆಯೆತ್ತಿ ಲೈನ್ ಎಲ್ಲಿ ಉಂಟು ನೋಡುದು. 11 ಕೆವಿ ಲೈನ್ ಅಂಗಳದ ಬದಿಯಲ್ಲೇ ಹೋಗುವ ಮನೆಗಳಲ್ಲಿ ಆ ಬದಿಯ ಮೇಲಿನ ಕಿಟಕಿ ನಾನು ಮುಟ್ಟುದೇ ಇಲ್ಲ, ಒಳಗಿನಿಂದ ಕೈಗೆ ಸಿಕ್ಕಿದಷ್ಟು, ಉಳಿದದ್ದಕ್ಕೆ ದುಡ್ಡು ಬಿಟ್ಟು ಬಿಲ್ ಮಾಡ್ತೇನೆ.

ಯಾವ ಕಾರು ಒಳ್ಳೆದು?

ನಿಮ್ಮ ಹತ್ರ ಇರುವ ಕಾರು. ಹೊಸದಾಗಿ ಹಳೆ ಕಾರು ಹುಡುಕುದಾದ್ರೆ ಬಾಗಿಲು ಎತ್ತರ ಇರುವ, ಹಿಂದಿನ ಸೀಟ್ ಪೂರ್ತಿ ಮಡಚ್ಲಿಕ್ಕೆ ಆಗುವ ಹ್ಯಾಚ್‌ಬ್ಯಾಕ್ ನೋಡಿ, ವ್ಯಾಗನ್ ಆರ್ ಜಾತಿಯದ್ದು. ಆಲ್ಟೋದಲ್ಲೂ ಮಾಡುವವರಿದ್ದಾರೆ, ಬಗ್ಗಿ ಬಗ್ಗಿ ಸೊಂಟ ಹೋಗ್ತದೆ ಅಷ್ಟೆ. ಸೆಡಾನ್ ಬೇಡ, ಡಿಕ್ಕಿ ದೊಡ್ಡದಾದ್ರೂ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡ ಮೀನಿನ ಹಾಗೆ.

ಓಮ್ನಿ ಒಳ್ಳೆದಲ್ವಾ ಅಂತ ಕೇಳುವವರಿಗೆ: ಓಮ್ನಿ ಒಳ್ಳೆದೇ, ನಮ್ಮೂರಲ್ಲಿ ಓಮ್ನಿ ಪ್ರೀತಿ ಇಲ್ಲದವ ಯಾರು. ಆದ್ರೆ ಅದು 2019ಕ್ಕೆ ನಿಂತೋಯ್ತು, ಈಗ ಸಿಗುದೆಲ್ಲ ಹಳತು, ಗುಡ್ಡೆ ಹತ್ತುವಾಗ ಎಂಜಿನ್ ನಿಮ್ಮ ಕುಂಡೆ ಅಡಿಯಲ್ಲೇ ಬೇಯ್ತದೆ. ಓಮ್ನಿ ಈಕೋ ತಗೊಂಡ್ರೆ ಅದು ವ್ಯಾನ್ ಆಯ್ತು, ಈ ಪುಟ ನಿಮಗಲ್ಲ.

ನೀರು ಎಷ್ಟು ಬೇಕು? ಕಾರಿಗೆ ಭಾರ ಆಗುದಿಲ್ವಾ?

ಒಂದು ಲೀಟರ್ ನೀರು ಒಂದು ಕಿಲೋ, ಲೆಕ್ಕ ಸುಲಭ. 20 ಲೀಟರಿನ ನಾಲ್ಕು ಕ್ಯಾನ್ ಅಂದ್ರೆ 80 ಕಿಲೋ, ಅಂದ್ರೆ ದಪ್ಪ ಮಾವನೊಬ್ಬ ಹಿಂದೆ ಕೂತ ಹಾಗೆ. ಐದು ಜನ ಕೂರುವ ಕಾರಿಗೆ ಅದೊಂದು ಭಾರವೇ ಅಲ್ಲ, ಮದುವೆಗೆ ಹೋಗುವಾಗ ಅದೇ ಕಾರಲ್ಲಿ ಎಷ್ಟು ಜನ ತುಂಬಿಸ್ತೇವೆ ಹೇಳಿ. ಕೋಲಿನ ಬ್ರಶ್ಶಿಗೆ ನಿಮಿಷಕ್ಕೆ ಒಂದರಿಂದ ಒಂದೂವರೆ ಲೀಟರ್ ಹೋಗ್ತದೆ, 25 ಕಿಟಕಿಯ ಮನೆಯ ಹೊರಬದಿಗೆ ನನಗೆ 50–60 ಲೀಟರ್ ಖರ್ಚು.

ಆದ್ರೆ ಅದು ಯಾವ ನೀರು ಅನ್ನುದೇ ಮುಖ್ಯ. ಕೋಲಿನಲ್ಲಿ ತೊಳೆದ ಗಾಜನ್ನು ಒರೆಸ್ಲಿಕ್ಕೆ ಇಲ್ಲ, ಅದು ತನ್ನಷ್ಟಕ್ಕೆ ಒಣಗ್ಬೇಕು, ನೀರಲ್ಲಿ ಕರಗಿದ ಸುಣ್ಣ ಉಪ್ಪು ಇದ್ರೆ ಒಣಗಿದಲ್ಲಿ ಬಿಳಿ ಬೊಟ್ಟು ಬಿಟ್ಟು ಹೋಗ್ತದೆ. ಅದನ್ನು ಅಳೆಯುವ ಪೆನ್ನಿನಷ್ಟು ಸಣ್ಣ ಟಿಡಿಎಸ್ ಮೀಟರ್ ಸಿಗ್ತದೆ, ಕೆಲವು ನೂರು ರೂಪಾಯಿ, ಮೊದ್ಲು ಅದನ್ನು ತಗೊಳ್ಳಿ. ಕುಡಿಯುವ ನೀರಿಗೆ ಸರ್ಕಾರದ ಲೆಕ್ಕದಲ್ಲಿ 500ರವರೆಗೆ ಒಳ್ಳೆ ನೀರೇ. ಗಾಜಿಗೆ 10ರ ಕೆಳಗೆ ಬೇಕು. ನಮ್ಮ ಮುರಕಲ್ಲಿನ ಗುಡ್ಡೆಯ ಬಾವಿ ನೀರು, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ಬಹಳ ಮೃದು, ನಮ್ಮ ಮನೆ ಬಾವಿ ಮೀಟರಲ್ಲಿ 40–50 ತೋರಿಸ್ತದೆ. ಅದೇ ಬೋರ್‌ವೆಲ್ ಆದ್ರೆ ಸೀದಾ ಮೇಲೆ ಹಾರ್ತದೆ, ಕರಾವಳಿ ಬದಿಯ ಬಾವಿ ಎಪ್ರಿಲ್ ಮೇಯಲ್ಲಿ ಬಾಯಿಗೆ ಹಾಕಿದ್ರೇ ಉಪ್ಪು ಗೊತ್ತಾಗ್ತದೆ.

40ನ್ನು ಸೊನ್ನೆಗೆ ಇಳಿಸ್ಲಿಕ್ಕೆ ರೆಸಿನ್ (ನೀರಲ್ಲಿ ಕರಗಿದ ಸುಣ್ಣ ಉಪ್ಪು ಹಿಡಿದಿಡುವ ಸಣ್ಣ ಮಣಿ) ತುಂಬಿದ ಒಂದು ಸಿಲಿಂಡರ್ ಸಾಕು, ಬಾವಿ ನೀರು ಅದರಲ್ಲಿ ಹಾದು ಕ್ಯಾನಿಗೆ ಬೀಳ್ತದೆ. ನೀರು ಮೃದು ಇದ್ದಷ್ಟು ರೆಸಿನ್ ಜಾಸ್ತಿ ದಿನ ಬಾಳ್ತದೆ, ಇದೊಂದು ವಿಷಯದಲ್ಲಿ ಸುರಂಗದ ಊರಿನವರು ಪುಣ್ಯವಂತರು. ಬೋರ್ ನೀರೇ ಗತಿ ಆದವರು ಮೊದ್ಲು ಆರ್‌ಓ ಹಾಕಿ ಮತ್ತೆ ರೆಸಿನಿಗೆ ಬಿಡಿ, ಇಲ್ಲದಿದ್ರೆ ತಿಂಗಳಿಗೊಮ್ಮೆ ರೆಸಿನ್ ಬದಲಿಸಿ ಸಾಕಾಗ್ತದೆ. ಜೂನಿನಲ್ಲಿ ಮೊದಲ ನಾಲ್ಕು ಮಳೆ ಹೋದ ಮೇಲೆ ಹಂಚಿನ ನೀರು ಹಿಡಿದಿಟ್ರೆ ಅದು ಬಾವಿಗಿಂತಲೂ ಒಳ್ಳೆದು.

ರೆಸಿನ್ ಮುಗೀತು ಅಂತ ಗೊತ್ತಾಗುದು ಮೀಟರಲ್ಲಿ, ಮತ್ತೆ ಮೂಗಲ್ಲಿ. ಸತ್ತ ರೆಸಿನ್ ಮೀನಿನ ವಾಸನೆ ಬರ್ತದೆ. ನಾನು ಕ್ಯಾನ್ ಇಡ್ಲಿಕ್ಕೆ ಮಂಜೇಶ್ವರದಿಂದ ಹಳೆ ಮೀನಿನ ಟ್ರೇ ತಂದಿದ್ದೆ, ಒಂದು ವಾರ ಆ ಟ್ರೇಯನ್ನು ಸೋಪು ಹಾಕಿ, ನಿಂಬೆ ಹಾಕಿ, ಬಿಸಿಲಿಗಿಟ್ಟು ಉಜ್ಜಿದ್ದೇ ಉಜ್ಜಿದ್ದು, ವಾಸನೆ ಹೋಗುದೇ ಇಲ್ಲ. ಕಡೆಗೆ ನೋಡಿದ್ರೆ ಟ್ರೇ ಪಾಪ, ವಾಸನೆ ಸಿಲಿಂಡರಿಂದು.

ನೀರನ್ನು ಮೇಲೆ ಕಳಿಸುದು ಹೇಗೆ, ಪಂಪ್ ಬೇಡ್ವಾ?

ತೋಟಕ್ಕೆ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಉಂಟಲ್ಲ, 16 ಅಥವಾ 20 ಲೀಟರಿಂದು, ಅದರಲ್ಲಿ 12 ವೋಲ್ಟ್ ಪಂಪ್ ಬ್ಯಾಟರಿ ಎಲ್ಲ ಒಳಗೇ ಉಂಟು. ಅದರ ನಾಝಲ್ ತೆಗೆದು ಕೋಲಿನ ಪೈಪಿಗೆ ಜೋಡಿಸಿದ್ರೆ ಮುಗೀತು. ಆದ್ರೆ ಹೊಸತು ತಗೊಳ್ಳಿ, ತೋಟದಲ್ಲಿ ಮದ್ದು ಬಿಟ್ಟದ್ದು ಬೇಡವೇ ಬೇಡ, ಎಷ್ಟು ತೊಳೆದ್ರೂ ಮೈಲುತುತ್ತು ಪೈಪಿನೊಳಗೆ ಉಳೀತದೆ. ಮತ್ತೆ ಬೆನ್ನಿಗೆ ಹಾಕ್ಬೇಡಿ, ಸಣ್ಣ ಟ್ರಾಲಿಯಲ್ಲಿಟ್ಟು ಎಳೀರಿ.

ಬೆನ್ನಿಗೆ ಹಾಕ್ಬಾರದು ಅನ್ನುದಕ್ಕೆ ಸೊಂಟ ಒಂದೇ ಕಾರಣ ಅಲ್ಲ. ಎಣ್ಮಕಜೆ ಬದಿಯ ಒಂದು ಮನೆಗೆ ನಾನು ಅದನ್ನು ಬೆನ್ನಿಗೆ ಹಾಕ್ಕೊಂಡು ಮಾಸ್ಕ್ ಕಟ್ಕೊಂಡು ಹೋಗಿದ್ದೆ. ಪಕ್ಕದ ಮನೆಯ ಅಜ್ಜಿ ಬೇಲಿ ಹತ್ರ ಬಂದು ನಿಂತು ಬೊಬ್ಬೆ ಹಾಕ್ಲಿಲ್ಲ, ಮೆಲ್ಲ ಕೇಳಿದ್ರು, "ಅದೆಂತ ಮದ್ದು ಮಗಾ?" ನೀರು ಅಜ್ಜಿ ಅಂದೆ. ನಂಬ್ಲಿಲ್ಲ. ಎಂಡೋಸಲ್ಫಾನ್ ಕೀಟನಾಶಕ ಮಳೆಯ ಹಾಗೆ ಬಿದ್ದ ಊರು, ಆವಾಗ್ಲೂ ಏನೂ ಆಗುದಿಲ್ಲ ಅಂತಲೇ ಹೇಳಿದ್ದಲ್ವಾ. ಕ್ಯಾನಿಂದ ಒಂದು ಲೋಟ ತೆಗೆದು ಅವರೆದುರೇ ಕುಡಿದೆ. ಅಂದಿನಿಂದ ಟ್ರಾಲಿ, ಮತ್ತೆ ಕ್ಯಾನಿನ ಮೇಲೆ ಕನ್ನಡ ಮಲಯಾಳಂ ಎರಡರಲ್ಲೂ ದೊಡ್ಡದಾಗಿ "ಬರೀ ನೀರು" ಅಂತ ಬರೆಸಿದ್ದೇನೆ.

ಕಾರಿನೊಳಗೆ ಎಲ್ಲಿ ಎಂತ ಇಡುದು?

ಭಾರದ್ದು ಕೆಳಗೆ, ಎದುರಿನ ಸೀಟಿನ ಬೆನ್ನಿಗೆ ಒತ್ತಿ, ಬೆಲ್ಟ್ ಹಾಕಿ. ಹಿಂದಿನ ಸೀಟ್ ಮೇಲೆ ಕ್ಯಾನ್ ಕೂರಿಸ್ಬೇಡಿ. ಮೊದಲ ತಿಂಗಳಲ್ಲೇ ನಾನು ಹಾಗೆ ಮಾಡಿದ್ದೆ, ಬದಿಯಡ್ಕ ಚೆರ್ಕಳ ರೋಡಲ್ಲಿ ತಿರುವಿನಲ್ಲಿ ಒಂದು ದನ, ಬ್ರೇಕ್ ಹಾಕಿದೆ, ಕ್ಯಾನ್ ಹಾರಿ ಬಂದು ಗೇರಿನ ಹತ್ರ ಬಿತ್ತು, ಮುಚ್ಚಳ ಕಳಚಿ 20 ಲೀಟರ್ ನೀರು ಕಾರ್ಪೆಟಿಗೆ. ದನ ಆರಾಮಲ್ಲಿ ನನ್ನನ್ನೇ ನೋಡಿಕೊಂಡು ಹೋಯ್ತು. ಅದು ಜುಲೈ, ಬಿಸಿಲು ಅಂತ ಇಲ್ಲ, ಕಾರ್ಪೆಟ್ ಒಣಗ್ಲೇ ಇಲ್ಲ, ಮ್ಯಾಟ್ ಎತ್ತಿದ್ರೆ ಬೂಸ್ಟು.

ಈಗ ಡಿಕ್ಕಿಯಲ್ಲಿ ದಪ್ಪ ಟಾರ್ಪಾಲು, ಅದರ ಮೇಲೆ ಟ್ರೇ, ಟ್ರೇಯೊಳಗೆ ಒದ್ದೆ ಸಾಮಾನು ಮಾತ್ರ. ಒದ್ದೆ ಬಟ್ಟೆಗೆ ಮುಚ್ಚಳ ಇರುವ ಬಕೆಟ್ ಬೇರೆ. ವಾರಕ್ಕೊಮ್ಮೆ ಸ್ಟೆಪ್ನಿ ಟಯರ್ ಎತ್ತಿ ಅಡಿಯಲ್ಲಿ ನೀರು ನಿಂತಿದ್ಯಾ ನೋಡಿ, ನೂರರಲ್ಲಿ ತೊಂಬತ್ತು ಕಾರಿಗೆ ತುಕ್ಕು ಶುರುವಾಗುದು ಅಲ್ಲಿಂದಲೇ ಅಂತ ನನ್ನ ಮೆಕ್ಯಾನಿಕ್ ಹೇಳ್ತಾನೆ, ಅವನ ಲೆಕ್ಕ ಅವನಿಗೇ ಗೊತ್ತು.

ಸಾಮಾನಿಗೆ ಎಷ್ಟು ಬೇಕಾಗ್ತದೆ?

ಕೋಲು ಬಿಟ್ರೆ ದೊಡ್ಡದೇನಿಲ್ಲ. 14 ಇಂಚಿನ ಒಂದು ಒಳ್ಳೆ ಸ್ಕ್ವೀಜಿ (ಗಾಜಿನ ನೀರು ಎಳೆದು ತೆಗೆಯುವ ರಬ್ಬರ್ ಪಟ್ಟಿಯ ಸಾಮಾನು), 6 ಇಂಚಿನದು ಒಂದು, ಸೋಪು ಹಚ್ಚುವ, ಉಣ್ಣೆ ಸುತ್ತಿದ ಟಿ (T) ಆಕಾರದ ಕೋಲು, ಮೈಕ್ರೋಫೈಬರ್ ಬಟ್ಟೆ ಒಂದು ಡಜನ್, ಬ್ಲೇಡ್ ಸ್ಕ್ರೇಪರ್, ಎರಡು ಬಕೆಟ್, ಪಾತ್ರೆ ತೊಳೆಯುವ ಲಿಕ್ವಿಡ್. ಸ್ಕ್ವೀಜಿಯಲ್ಲಿ ಮಾತ್ರ ಕಂಜೂಸಿ ಮಾಡ್ಬೇಡಿ. ಅಂಗಡಿಯಲ್ಲಿ ಕಾರಿಗೆ ಅಂತ ಸಿಗುವ ನೂರು ರೂಪಾಯಿಯ ಪ್ಲಾಸ್ಟಿಕ್ ಒಂದು ಗೆರೆ ಬಿಡದೆ ಎಳೆದದ್ದನ್ನು ನಾನು ನೋಡ್ಲಿಲ್ಲ. ಒಂದೇ ರಬ್ಬರ್ ಪಟ್ಟಿ, ಹಿತ್ತಾಳೆಯ ಹಿಡಿ, ಈ ಮಾದರಿ ಎಟ್ಟೋರೆ ಸ್ಟೆಕೋನೆ ಅನ್ನುವ ಇಟಲಿ ಮೂಲದ ಕಿಟಕಿ ಕ್ಲೀನರ್ 1936ರಲ್ಲಿ ಅಮೆರಿಕದಲ್ಲಿ ಮಾಡಿದ್ದು, ಇವತ್ತಿಗೂ ಅದರ ಆಕಾರ ಹೆಚ್ಚು ಬದಲಾಗ್ಲಿಲ್ಲ. ಹಿಡಿ ವರ್ಷಗಟ್ಟಲೆ ಬರ್ತದೆ, ರಬ್ಬರ್ ಮಾತ್ರ ಬದಲಿಸ್ತಾ ಇರ್ಬೇಕು, ಅಂಚು ಚೂರು ಮೊಂಡಾದ್ರೂ ಗೆರೆ.

ನಮ್ಮ ಮನೆ ಕಿಟಕಿಗೆ ಸರಳು ಉಂಟಲ್ಲ, ವಿಡಿಯೋದಲ್ಲಿ ಎಲ್ಲ ಇಡೀ ಗಾಜು?

ಇದು ಒಳ್ಳೆ ಪ್ರಶ್ನೆ, ಆ ವಿಡಿಯೋದವರು ಒಬ್ರೂ ಹೇಳುದಿಲ್ಲ. ನಮ್ಮ ಬದಿಯ ಕಿಟಕಿ ಅಂದ್ರೆ ಮರದ ದಾರಂದ, ಮಧ್ಯೆ ಕಬ್ಬಿಣದ ಸರಳು, ಹೊರಗೆ ತೆರೆಯುವ ಎರಡು ಮೂರು ಬಾಗಿಲು, ಪ್ರತಿ ಬಾಗಿಲಲ್ಲಿ ಒಂದು ಗಾಜು. ಕೆಳಗಿನ ಮಾಳಿಗೆಯಲ್ಲಿ ಇದು ನಮಗೆ ಲಾಭವೇ: ಬಾಗಿಲು ಪೂರ್ತಿ ಹೊರಗೆ ತೆರೆದ್ರೆ ಗಾಜಿನ ಎರಡೂ ಮುಖ ಅಂಗಳದಲ್ಲಿ ನಿಂತೇ ಸಿಗ್ತದೆ, ಮನೆಯೊಳಗೆ ಕಾಲಿಡುದೇ ಬೇಡ. ಮೇಲಿನ ಮಾಳಿಗೆಯಲ್ಲಿ ಹೊರಮುಖ ಕೋಲಿಗೆ, ಬಾಗಿಲು ಮುಚ್ಚಿಟ್ಟು. ಒಳಮುಖ ಮನೆಯೊಳಗಿನಿಂದ ಸರಳಿನ ಮಧ್ಯೆ ಕೈ ಹಾಕಿ, ಅದಕ್ಕೇ ಆ 6 ಇಂಚಿನದು. ಸರಳಿನ ಧೂಳು ಮೊದ್ಲು ಒರೆಸಿ, ಇಲ್ಲದಿದ್ರೆ ತೊಳೆದ ಗಾಜಿಗೆ ಕೆಂಪು ನೀರು ಇಳೀತದೆ, ಎರಡು ಸಲ ಕೆಲಸ.

ಚುಕ್ಕೆ ಚುಕ್ಕೆಯ ಡಿಸೈನ್ ಗಾಜಿನ ಉಬ್ಬು ತಗ್ಗಿನ ಮುಖಕ್ಕೆ ಸ್ಕ್ವೀಜಿ ನಡೆಯುದಿಲ್ಲ, ಅಲ್ಲಿ ಬ್ರಶ್ ಮತ್ತು ಒಣ ಬಟ್ಟೆ. ಕೆಳಗಿನ ಕಿಟಕಿಯ ಮೇಲೆ ಕಾಂಕ್ರೀಟ್ ಸನ್‌ಶೇಡ್ ಇರ್ತದಲ್ಲ, ಮೇಲಿನ ಕಿಟಕಿಗೆ ಕೋಲು ಹಾಕುವಾಗ ನೀರು ಮೊದ್ಲು ಅದರ ಮೇಲೆ ಬಿದ್ದು ಹತ್ತು ವರ್ಷದ ಪಾಚಿ ಎಲೆ ಎಲ್ಲ ಸೇರಿ ಕೆಳಗಿನ ಗಾಜಿಗೆ ಸುರೀತದೆ. ಹಾಗಾಗಿ ಯಾವಾಗ್ಲೂ ಮೇಲಿಂದ ಕೆಳಗೆ.

ಗಾಜಿನ ಮೇಲೆ ನೀಲಿ ಬಿಳಿ ಕಲೆ ಹೋಗುದಿಲ್ಲ, ಎಂತ ಮಾಡುದು?

ತೋಟ ಹತ್ರ ಇರುವ ಮನೆಯಾ? ಹಾಗಾದ್ರೆ ಅದು ಬೋರ್ಡೋ. ಕೊಳೆರೋಗಕ್ಕೆ ಮಳೆಗೆ ಮೊದ್ಲು ಬಿಡುವ ಮದ್ದು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಗಾಳಿಗೆ ಹಾರಿ ಗಾಜಿಗೆ ಕೂತು ಒಣಗಿದ್ರೆ ಸೋಪಿಗೆ ಜಗ್ಗುದಿಲ್ಲ, ಯಾಕಂದ್ರೆ ಅದರಲ್ಲಿ ಸುಣ್ಣ ಉಂಟು. ಬಿಳಿ ವಿನೆಗರಲ್ಲಿ ಬಟ್ಟೆ ಅದ್ದಿ ಐದು ನಿಮಿಷ ಗಾಜಿಗೆ ಅಂಟಿಸಿಡಿ, ಮತ್ತೆ ಒರೆಸಿ, ತುಂಬ ನೀರಲ್ಲಿ ತೊಳೀರಿ. ಕೆಳಗೆ ಮಾರ್ಬಲ್ ಇದ್ರೆ ಬಟ್ಟೆ ಹಾಸಿ, ವಿನೆಗರ್ ಮಾರ್ಬಲನ್ನು ತಿಂತದೆ. ಬೋರ್ ನೀರಿನ ಬಿಳಿ ಕಲೆಗೂ ಇದೇ ಮದ್ದು, ಒಂದೇ ಸಲಕ್ಕೆ ಹೋಗ್ತದೆ ಅಂತ ಗ್ಯಾರಂಟಿ ಕೊಡ್ಬೇಡಿ.

ಸಿಮೆಂಟ್ ಪೈಂಟ್ ಬೊಟ್ಟಿಗೆ ಬ್ಲೇಡ್, ಗಾಜು ಪೂರ್ತಿ ಒದ್ದೆ ಇದ್ದಾಗ ಮಾತ್ರ, ಒಂದೇ ದಿಕ್ಕಿಗೆ. ರಿಫ್ಲೆಕ್ಟಿವ್ ಕೋಟಿಂಗ್ ಇರುವ ಮುಖಕ್ಕೆ ಬ್ಲೇಡ್ ತಾಗಿಸ್ಲೇಬೇಡಿ. ಟಫನ್ಡ್ ಗಾಜು ಆದ್ರೆ ಮೊದ್ಲು ಮನೆಯವರಿಗೆ ಗೀರು ಬೀಳ್ಬಹುದು ಅಂತ ಹೇಳಿ ಒಪ್ಪಿಗೆ ತಗೊಳ್ಳಿ, ಆ ಒಪ್ಪಿಗೆ ವಾಟ್ಸಾಪಲ್ಲಿ ಬರ್ಲಿ.

ಟೈಲ್ಸ್ ಆಸಿಡ್ ಬಗ್ಗೆ ಕೇಳುವವರಿಗೆ ಒಂದೇ ಮಾತು: ಬೇಡ. ಅಲ್ಯೂಮಿನಿಯಂ ಚೌಕಟ್ಟು ಕಪ್ಪಾಗ್ತದೆ. ಕಾರಲ್ಲಿ ಅಂತೂ ಇಡ್ಲೇಬಾರದು, ನನ್ನದೊಂದು ಸಣ್ಣ ಬಾಟ್ಲಿ ಮುಚ್ಚಳ ಸಡಿಲ ಇದ್ದದ್ದು ಗೊತ್ತಾಗ್ಲಿಲ್ಲ, ಹೊಗೆಗೇ ಸೀಟಿನ ಕಬ್ಬಿಣದ ಹಳಿ ಎರಡು ವಾರದಲ್ಲಿ ಕೆಂಪಾಗಿತ್ತು. ವ್ಯಾನಲ್ಲಿ ಡ್ರೈವರ್ ಬೇರೆ, ಲೋಡ್ ಬೇರೆ, ಕಾರಲ್ಲಿ ನೀವೂ ಅದೂ ಒಂದೇ ಗಾಳಿ.

ರೇಟ್ ಹೇಗೆ ಹೇಳುದು?

ಪಾಳಿ ಲೆಕ್ಕ, ಅಂದ್ರೆ ಕಿಟಕಿಯ ಒಂದೊಂದು ಬಾಗಿಲಿಗೆ ಇಷ್ಟು ಅಂತ. ಆಚಾರಿಗಳು ಮೂರು ಪಾಳಿ ಕಿಟಕಿ, ಎರಡು ಪಾಳಿ ಕಿಟಕಿ ಅಂತ ಹೇಳ್ತಾರಲ್ಲ, ಮಲಯಾಳಿಗಳಿಗೂ ಗೊತ್ತು. ನಾನು ಒಂದು ಪಾಳಿಗೆ ಎರಡೂ ಮುಖ ಸೇರಿ 30 ರೂಪಾಯಿ, ಮೇಲಿನ ಮಾಳಿಗೆಗೆ 40, ಹೊಸ ಮನೆಯ ಸಿಮೆಂಟ್ ಪೈಂಟ್ ಇದ್ರೆ ಡಬಲ್. ಇದು ನನ್ನ ಲೆಕ್ಕ, ನಿಮ್ಮೂರಲ್ಲಿ ಬೇರೆ ಇರ್ಬಹುದು. ಪೆಟ್ರೋಲ್ ಮರೆತು ರೇಟ್ ಹೇಳುದೇ ಎಲ್ಲರೂ ಮಾಡುವ ತಪ್ಪು. ಮನೆಯಿಂದ 15 ಕಿಲೋಮೀಟರಿಗಿಂತ ದೂರ ಇದ್ರೆ ಮಿನಿಮಮ್ ಬಿಲ್ ಇಷ್ಟು ಅಂತ ಮೊದ್ಲೇ ಹೇಳಿ, ಒಂದೇ ಬದಿಯ ಎರಡು ಮನೆ ಒಟ್ಟಿಗೆ ಸಿಕ್ಕಿದ್ರೆ ಮಾತ್ರ ಚೂರು ಬಿಡಿ. ತಲಪಾಡಿ ಆಚೆ ಹೋದ ದಿನ ಟ್ಯಾಂಕ್ ಫುಲ್ ಮಾಡಿಸ್ಕೊಂಡು ಬನ್ನಿ, ಅಲ್ಲಿ ಲೀಟರಿಗೆ ಕೆಲವು ರೂಪಾಯಿ ಕಮ್ಮಿ ಅಂತ ಗೊತ್ತಿಲ್ಲದವ ಮಂಜೇಶ್ವರದಲ್ಲಿ ಯಾರೂ ಇಲ್ಲ. ಟೋಲ್ ಉಂಟು ಅಂತ ಮರೀಬೇಡಿ.

ಗಿರಾಕಿಗಳು ಎಲ್ಲಿ ಸಿಗ್ತಾರೆ?

ಬೀಗ ಹಾಕಿದ ಮನೆಗಳಲ್ಲಿ. ಯಜಮಾನ ದುಬೈಯಲ್ಲಿ, ಮನೆ ಇಲ್ಲಿ, ಎದುರಿಗೆ ಎರಡು ಮಾಳಿಗೆಯಷ್ಟು ಎತ್ತರದ ಗಾಜು, ಅದರ ಮೇಲೆ ಹೈವೇ ಅಗಲ ಮಾಡಿದ ಕೆಂಪು ಧೂಳು. ಅವರು ಊರಿಗೆ ಬರುವ ಎರಡು ದಿನ ಮೊದ್ಲು ಫೋನ್ ಬರ್ತದೆ. ಗಲ್ಫಿನ ಜುಲೈ ಆಗಸ್ಟ್ ಶಾಲೆ ರಜೆ, ಪೆರ್ನಾಲ್ (ಈದ್), ಓಣಂ, ವಿಷು, ಮದುವೆ, ಮನೆ ಒಕ್ಕಲು, ಈ ಕ್ಯಾಲೆಂಡರ್ ನಿಮ್ಮ ತಲೆಯಲ್ಲಿರ್ಬೇಕು. ಕೀಲಿ ಕೈ ಸಾಮಾನ್ಯ ಪಕ್ಕದ ಮನೆಯಲ್ಲಿ. ಕೀಲಿ ನೀವು ಇಟ್ಕೊಳ್ಬೇಡಿ, ಪಕ್ಕದ ಮನೆಯವರೇ ತೆರೆದು ಅಲ್ಲೇ ಇರ್ಲಿ, ಕೆಲಸಕ್ಕೆ ಮೊದ್ಲು ಆಮೇಲೆ ವಿಡಿಯೋ ಮಾಡಿ ಯಜಮಾನನಿಗೆ ಕಳಿಸಿ. ಈ ಜಿಲ್ಲೆಯಲ್ಲಿ ಒಂದೇ ಭಾಷೆ ಹಿಡಿದ್ರೆ ಬಿಸಿನೆಸ್ ಅರ್ಧ, ನನ್ನ ರೇಟ್ ಲಿಸ್ಟ್ ಕನ್ನಡ ಮಲಯಾಳಂ ಎರಡರಲ್ಲಿ ಉಂಟು, ಚೌಕಾಸಿ ಮಾತ್ರ ತುಳುವಿನಲ್ಲೂ ಬ್ಯಾರಿಯಲ್ಲೂ ನಡೀತದೆ.

ಮನೆ ಮೇಲೆ ಸೋಲಾರ್ ಕಂಡ್ರೆ ಕೇಳ್ಲಿಕ್ಕೆ ಮರೀಬೇಡಿ. 2024ರಲ್ಲಿ ಪಿಎಂ ಸೂರ್ಯ ಘರ್ ಸಬ್ಸಿಡಿ ಬಂದ ಮೇಲೆ ಪ್ಯಾನೆಲ್ ಹಾಕಿಸಿದವರು ಜಾಸ್ತಿ, ಅದೇ ಕೋಲು ಅದೇ ನೀರು, ಬೆಳಿಗ್ಗೆ ಪ್ಯಾನೆಲ್ ಬಿಸಿಯಾಗುವ ಮೊದ್ಲು ತೊಳೆದು ಮುಗಿಸ್ಬೇಕು ಅಷ್ಟೆ. ಬಿಸಿ ಗಾಜಿಗೆ ತಣ್ಣೀರು ಹಾಕ್ಲಿಕ್ಕಿಲ್ಲ.

ಮಳೆಗಾಲದಲ್ಲಿ ಉಪವಾಸವಾ?

ವರ್ಷಕ್ಕೆ ಮೂರೂವರೆ ಮೀಟರ್ ಹತ್ತಿರ ಮಳೆ ಬೀಳುವ ಊರು ಇದು, ಜೂನಿನಿಂದ ಸಪ್ಟಂಬರ್‌ವರೆಗೆ ಹೊರಗಿನ ಕೆಲಸ ಅರ್ಧಕ್ಕಿಂತ ಕಮ್ಮಿ. ಆಟಿ ತಿಂಗಳಲ್ಲಿ ಅಂಗಡಿ, ಬ್ಯಾಂಕ್, ಕ್ಲಿನಿಕ್ ಒಳಗಿನ ಗಾಜು ಹಿಡ್ಕೊಳ್ಳಿ, ಬೂಸ್ಟು ಹಿಡಿದ ಗೋಡೆ ಒರೆಸುವ ಕೆಲಸವೂ ಸಿಗ್ತದೆ. ಮೇ ತಿಂಗಳ ದುಡ್ಡನ್ನು ಮೇಯಲ್ಲೇ ಮುಗಿಸ್ಬೇಡಿ. ಸಿಡಿಲು ಇದ್ರೆ ಕೋಲು ಹೊರಗೆ ತೆಗೀಲಿಕ್ಕೇ ಇಲ್ಲ.

ಲೈಸನ್ಸ್, ಜಿಎಸ್‌ಟಿ, ಇನ್ಶೂರೆನ್ಸ್?

ಸರ್ವೀಸ್ ಕೆಲಸಕ್ಕೆ ವರ್ಷದ ವ್ಯವಹಾರ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಡ, ಗಡಿ ದಾಟಿ ಮಂಗ್ಳೂರಲ್ಲಿ ಮಾಡಿದ್ರೂ ಅದೇ ಲೆಕ್ಕ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ) ಆನ್‌ಲೈನಲ್ಲಿ ಫ್ರೀ, ಆಧಾರ್ ಮತ್ತೆ ಪ್ಯಾನ್ ಇದ್ರೆ ಆಯ್ತು, ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟಿಗೆ ಹೋಗ್ಬೇಡಿ. ಮುದ್ರಾದಲ್ಲಿ ಶಿಶು ಲೋನ್ 50,000ದವರೆಗೆ, ಕೋಲು ಸಿಲಿಂಡರಿಗೆ ಸಾಕು.

ಕಾರಿನ ಇನ್ಶೂರೆನ್ಸ್ ಪೇಪರ್ ಮಾತ್ರ ಕೂತು ಓದಿ. ಪ್ರೈವೇಟ್ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುದು, ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸುದು, ಇವೆಲ್ಲ ಹೊರಗೆ ಅಂತ ಬರೆದಿರ್ತದೆ. ನಮ್ಮದು ಮಾರುವ ಸರಕಲ್ಲ, ಸ್ವಂತ ಸಾಮಾನು, ಆದ್ರೂ ಏಜೆಂಟ್ ಬಾಯಲ್ಲಿ "ಏನೂ ತೊಂದ್ರೆ ಇಲ್ಲ" ಅಂದದ್ದು ಕ್ಲೈಮಿನ ದಿನ ಉಪಯೋಗಕ್ಕೆ ಬರುದಿಲ್ಲ, ಕಂಪೆನಿಗೆ ಈಮೇಲ್ ಹಾಕಿ ಉತ್ತರ ಬರೆದು ತರಿಸಿ. ನಿಮಗೆ ಅಂತ ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಉಂಟು, ಪಿಎಂ ಸುರಕ್ಷಾ ಬಿಮಾ, 2 ಲಕ್ಷದ್ದು, ಇವತ್ತೇ ಮಾಡಿಸಿ.

ಕಾರಲ್ಲಿ ಬಂದವನನ್ನು ಜನ ಕ್ಲೀನಿಂಗಿನವ ಅಂತ ನಂಬ್ತಾರಾ?

ಮೊದ್ಲು ನಂಬುದಿಲ್ಲ. ಒಂದು ಮನೆಯಲ್ಲಿ ಸಿಟೌಟಲ್ಲಿ ಕೂರಿಸಿ ಚಾ, ಚಕ್ಕುಲಿ ಎಲ್ಲ ಕೊಟ್ರು, ಅರ್ಧ ಗಂಟೆ ಆದ ಮೇಲೆ ಯಜಮಾನ್ರು "ಹುಡುಗನ ಕಡೆಯವರು ಇನ್ನು ಯಾರೆಲ್ಲ ಬರ್ಲಿಕ್ಕುಂಟು?" ಅಂತ ಕೇಳಿದ್ರು. ಡಿಕ್ಕಿ ತೆರೆದು ತೋರಿಸ್ಬೇಕಾಯ್ತು. ಚಾ ಕುಡಿದ ಮೇಲೆ ರೇಟ್ ಇಳಿಸ್ಲಿಕ್ಕೆ ಕೇಳಿದ್ರು, ಕೊಡ್ಲಿಲ್ಲ. ಒಂದು ನೀಲಿ ಟೀ ಶರ್ಟ್ ಮಾಡಿಸಿ, ಬೆನ್ನಲ್ಲಿ ಕೆಲಸದ ಹೆಸರು ಇರ್ಲಿ, ಅರ್ಧ ಸಮಸ್ಯೆ ಹೋಗ್ತದೆ.

ಕಾರು ಸಾಲುದಿಲ್ಲ, ವ್ಯಾನ್ ತೆಗೀಬೇಕು ಅಂತ ಯಾವಾಗ ಗೊತ್ತಾಗ್ತದೆ?

ಕೆಲಸಕ್ಕೆ ಇನ್ನೊಬ್ಬ ಬೇಕು ಅಂತ ಆದಾಗ. ಕ್ಯಾನ್, ಟ್ರಾಲಿ, ಕೋಲು ಹಾಕಿದ ಮೇಲೆ ನನ್ನ ಕಾರಲ್ಲಿ ನಾನೊಬ್ಬನೇ ಕೂರ್ಲಿಕ್ಕೆ ಜಾಗ, ಪ್ಯಾಸೆಂಜರ್ ಸೀಟಿನ ಕಾಲಿನ ಬದಿ ಕೋಲು ಉಂಟು. ದಿನಕ್ಕೆ 100 ಲೀಟರಿಗಿಂತ ಜಾಸ್ತಿ ನೀರು ಬೇಕು, ಅಪಾರ್ಟ್‌ಮೆಂಟ್ ಕಾಂಟ್ರಾಕ್ಟ್ ಬಂತು ಅಂದ್ರೂ ವ್ಯಾನೇ. ನನಗೆ ಎರಡು ಸಲ ಅಂಥದ್ದು ಬಂತು, ಒಮ್ಮೆ ಬಾಡಿಗೆ ಈಕೋ ಹಿಡಿದು ಮಾಡಿದೆ, ಒಮ್ಮೆ ಬೇಡ ಅಂದೆ. ಬೇಡ ಅಂದದ್ದಕ್ಕೆ ಈಗ್ಲೂ ಚೂರು ಬೇಜಾರುಂಟು.

ಮನೆಯವರಿಗೆ ಕಾರು ಬೇಕಾದಾಗ?

ಆದಿತ್ಯವಾರ ಕಾರು ನನ್ನದಲ್ಲ. ಶನಿವಾರ ರಾತ್ರಿ ಟಾರ್ಪಾಲು ಸಮೇತ ಎಲ್ಲ ಇಳಿಸಿ ನಾಲ್ಕೂ ಬಾಗಿಲು ತೆರೆದು ಕೊಟ್ಟಿಗೆ ಎದುರು ನಿಲ್ಲಿಸ್ತೇನೆ, ಹತ್ತು ನಿಮಿಷದ ಕೆಲಸ, ಕಾರಿನ ನಿಜವಾದ ಲಾಭ ಇದೇ. ಬೆಳಿಗ್ಗೆ ಎಲ್ಲರೂ ಮಧೂರು ದೇವಸ್ಥಾನಕ್ಕೆ ಹೊರಟ್ರೆ ಅಮ್ಮ ಹಿಂದಿನ ಸೀಟಲ್ಲಿ ಕೂತು ಮೊದ್ಲು ಮೂಗು ಎಳೀತಾರೆ, ಆಮೇಲೆ ಸೀರೆ ಸೆರಗಲ್ಲಿ ಕಾರಿನ ಕಿಟಕಿ ಗಾಜು ಒರೆಸ್ತಾರೆ. ಊರವರ ಗಾಜೆಲ್ಲ ತೊಳೀತಿ, ಇದನ್ನೊಂದು ಒರೆಸ್ಲಿಕ್ಕೆ ನಿನಗೆ ಪುರ್ಸೊತ್ತಿಲ್ಲ ಅಂತ.